ಡೇಕೇರಲ್ಲಿ ಕೀಮೋಗೆ ಮುಂಚೆ ತುಂಬಿಸ್ಕೊಳೋ ಆ ಹಾಳೆ: ಐದಕ್ಕೆ ಮೂರೂವರೆ ಸ್ಟಾರ್

ಆಸ್ಪತ್ರೆ ರಿವ್ಯೂ ಅಂದ್ರೆ ಎಲ್ರೂ ಪಾರ್ಕಿಂಗ್ ಬಗ್ಗೆ, ಬಿಲ್ಲಿಂಗ್ ಕೌಂಟರ್ ಬಗ್ಗೆ, ಡಾಕ್ಟ್ರು ಎಷ್ಟು ಹೊತ್ತು ಕಾಯ್ಸಿದ್ರು ಅನ್ನೋದ್ರ ಬಗ್ಗೆ ಬರೀತಾರೆ. ಅದನ್ನೆಲ್ಲ ಬೇಕಾದಷ್ಟು ಜನ ಬರ್ದಾಗಿದೆ, ನಾನು ಬರೀತಿರೋದು ಒಂದೇ ಒಂದು ಹಾಳೆ ಬಗ್ಗೆ. ಕೀಮೋ ಡೇಕೇರಲ್ಲಿ, ಅಂದ್ರೆ ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರೋ ವಾರ್ಡಲ್ಲಿ, ಬೆಡ್ ಸಿಕ್ಕಿ, ಬಿಪಿ, ಟೆಂಪರೇಚರ್, ತೂಕ ಎಲ್ಲ ನೋಡಿ ಆದ್ಮೇಲೆ ಕ್ಲಿಪ್‌ಬೋರ್ಡಿಗೆ ಸಿಗ್ಸಿ ಕೈಗೆ ಕೊಡ್ತಾರಲ್ಲ, ಅದು. ಬೆಂಗಳೂರಿನ ಒಂದು ಪ್ರೈವೇಟ್ ಆಸ್ಪತ್ರೆ, ಹೆಸರು ಬೇಡ ಬಿಡಿ, ಬೈಯೋದೂ ಇದೆ ಹೊಗಳೋದೂ ಇದೆ.

ಪೇಷೆಂಟು ನಮ್ಮಮ್ಮ. ತಿಪಟೂರು ಕಡೆ ಹಳ್ಳಿ, 58 ವರ್ಷ, ಎದೆ ಕ್ಯಾನ್ಸರು. ಮೊದ್ಲು ಆಪರೇಷನ್ ಆಯ್ತು, ಆಮೇಲೆ 21 ದಿನಕ್ಕೊಂದ್ಸಲ ಆ ಕೆಂಪು ಬಣ್ಣದ ಕೀಮೋ ಔಷಧಿ ನಾಕು ಸಲ, ಅದಾದ್ಮೇಲೆ ವಾರಕ್ಕೊಂದರ ಹಾಗೆ ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಇನ್ನೊಂದು ಕೀಮೋ ಔಷಧಿ 12 ಸಲ. ಲೆಕ್ಕ ಹಾಕಿದ್ರೆ 16 ಸಲ ಆ ಹಾಳೆ ನಮ್ಮ ಕೈಗೆ ಬಂದಿದೆ, ಹಾಗಾಗಿ ನಂಗೆ ಅದ್ರ ಬಗ್ಗೆ ಮಾತಾಡೋ ಹಕ್ಕಿದೆ ಅನ್ಕೋತೀನಿ.

ಹಾಳೆ ನೋಡಕ್ಕೆ ಹೇಗಿದೆ ಅಂದ್ರೆ, ಎಡಗಡೆ ದೊಡ್ಡದಾಗಿ ಒಂದು ಥರ್ಮಾಮೀಟರ್ ಚಿತ್ರ, ಕೆಳಗೆ 0, ಮೇಲೆ 10. ಹೋದ ವಾರದಿಂದ ಇವತ್ತಿನವರೆಗೆ ನಿಮ್ಮ ಯಾತನೆ ಎಷ್ಟು, ಗುಂಡು ಸುತ್ತಿ ಅಂತ ಬರ್ದಿದೆ. ಬಲಗಡೆ ಉದ್ದಕ್ಕೂ ಒಂದು ಪಟ್ಟಿ: ದುಡ್ಡಿನ ತೊಂದರೆ, ಓಡಾಟದ ತೊಂದರೆ, ಮನೆಯವ್ರ ವಿಷಯ, ಭಯ, ಬೇಜಾರು, ನಿದ್ದೆ, ಬಾಯಿ ಹುಣ್ಣು, ಮಲಬದ್ಧತೆ, ಕೈಕಾಲು ಜೋಮು, ರೂಪದ ಬಗ್ಗೆ ಚಿಂತೆ, ಲೈಂಗಿಕ ವಿಷಯ, ದೇವರು ನಂಬಿಕೆ. ಪ್ರತಿಯೊಂದಕ್ಕೂ ಹೌದು, ಇಲ್ಲ ಅಂತ ಎರಡು ಚೌಕ.

ಮೊದಲನೇ ದಿನ ಅದನ್ನ ತುಂಬಿದ್ದು ನಾನು. ಅಮ್ಮಂಗೆ ಕೈಗೆ ಸೂಜಿ ಹಾಕಿದ್ರು, ಕನ್ನಡಕ ಬ್ಯಾಗಲ್ಲಿತ್ತು, ಸಿಸ್ಟರ್ ಬೇರೆ ಅರ್ಜೆಂಟ್ ಮಾಡ್ತಿದ್ರು. ನಾನು "ಅಮ್ಮ ಭಯ ಇದ್ಯಾ" ಅಂತ ಎಲ್ರೆದುರಿಗೇ ಜೋರಾಗಿ ಕೇಳ್ದೆ, ಅವ್ಳು "ಭಯ ಯಾಕೋ, ಏನಿಲ್ಲ" ಅಂದ್ಳು. ಎಲ್ಲದಕ್ಕೂ ಇಲ್ಲ ಇಲ್ಲ ಇಲ್ಲ ಅಂತ ಟಿಕ್ ಹೊಡ್ದು, 0ಗೆ ಗುಂಡು ಸುತ್ತಿ, ಎರಡು ನಿಮಿಷದಲ್ಲಿ ವಾಪಸ್ ಕೊಟ್ಟೆ. ಯಾರೂ ಏನೂ ಕೇಳ್ಲಿಲ್ಲ. ಎದೆ ತೆಗ್ಸಿ ಒಂದೂವರೆ ತಿಂಗಳಾಗಿರೋ ಹೆಂಗಸಿಗೆ ಕಷ್ಟ ಸೊನ್ನೆ ಅಂತ ಬರ್ಕೊಟ್ರೆ ಯಾರಿಗಾದ್ರೂ ಅನುಮಾನ ಬರ್ಬೇಕಲ್ವಾ? ಬರ್ಲಿಲ್ಲ, ಫೈಲಿಗೆ ಪಂಚ್ ಮಾಡಿ ಸಿಗ್ಸಿದ್ರು ಅಷ್ಟೆ. ಎರಡನೇ ಸಲಾನೂ ಇದೇ ಕಥೆ. ಆಗೆಲ್ಲ ನಾನು ಅನ್ಕೊಂಡಿದ್ದು, ಇದು ಆಡಿಟ್ ಬಂದಾಗ ತೋರ್ಸಕ್ಕೆ ಇಟ್ಕೊಂಡಿರೋ ಪೇಪರ್ರು ಅಂತ. ಮಾಲ್‌ನ ಬಾತ್‌ರೂಮ್ ಬಾಗಿಲಿಗೆ ಕ್ಲೀನಿಂಗ್ ಚಾರ್ಟ್ ಅಂಟ್ಸಿರ್ತಾರಲ್ಲ, ಹಂಗೆ.

ಆಮೇಲೆ ಕಾಯೋ ಹೊತ್ತಲ್ಲಿ ಫೋನಲ್ಲಿ ಓದ್ತಾ ಹೋದ್ರೆ ಗೊತ್ತಾಯ್ತು, ಇದು ಇವ್ರು ಮಾಡಿದ್ದಲ್ಲ, ಪ್ರಪಂಚದ ಎಷ್ಟೋ ಆಸ್ಪತ್ರೇಲಿ ಇರೋದೇ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೇಲಿ ಜಿಮ್ಮಿ ಹಾಲೆಂಡ್ ಅಂತ ಒಬ್ರು ಸೈಕಿಯಾಟ್ರಿಸ್ಟ್ ಇದ್ರು, ಕ್ಯಾನ್ಸರ್ ಪೇಷೆಂಟುಗಳ ಮನಸ್ಸಿನ ಕಡೆ ಡಾಕ್ಟ್ರುಗಳು ತಿರುಗಿ ನೋಡೋ ಹಂಗೆ ಮಾಡಿದೋರಲ್ಲಿ ಮೊದಲನೆಯವ್ರು, 2017ರಲ್ಲಿ ತೀರ್ಕೊಂಡ್ರು. ಅವ್ರ ತಂಡದ ಐಡಿಯಾ ಈ ಥರ್ಮಾಮೀಟರು. ಖಿನ್ನತೆ ಇದ್ಯಾ, ಮಾನಸಿಕ ತೊಂದ್ರೆ ಇದ್ಯಾ ಅಂತ ನೇರ ಕೇಳಿದ್ರೆ ಯಾರೂ ಹೂಂ ಅನ್ನಲ್ಲ, ಅದಕ್ಕೇ ಡಿಸ್ಟ್ರೆಸ್ ಅಂತ ಸ್ವಲ್ಪ ಮೆತ್ತಗಿರೋ ಪದ ಆರಿಸ್ಕೊಂಡ್ರಂತೆ. 4 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಯಾರಾದ್ರೂ ಕೂತು ಮಾತಾಡ್ಬೇಕು, ಅದು ನಿಯಮ. ಅಮೆರಿಕದಲ್ಲಿ 2015ರ ಹೊತ್ತಿಗೆ ಮಾನ್ಯತೆ ಬೇಕು ಅಂದ್ರೆ ಕ್ಯಾನ್ಸರ್ ಸೆಂಟರ್‌ಗಳು ಇಂಥದ್ದೊಂದು ತಪಾಸಣೆ ಮಾಡ್ಲೇಬೇಕು ಅಂತ ಆಯ್ತು. ಕೆನಡಾದಲ್ಲಿ ಎಡ್ಮಂಟನ್ ಅನ್ನೋ ಊರಲ್ಲಿ 1991ರಲ್ಲೇ ಇನ್ನೊಂದು ಹಾಳೆ ಮಾಡಿದ್ರು, ಈಗ ಅದ್ರಲ್ಲಿ ನೋವು, ಸುಸ್ತು, ವಾಕರಿಕೆ, ಹಸಿವು, ಉಸಿರಾಟ ಹೀಗೆ ಒಂದೊಂದಕ್ಕೂ ಬೇರೆಬೇರೆ 0ಯಿಂದ 10. ನಂಗೇನೋ ಅದೇ ವಾಸಿ ಅನ್ಸುತ್ತೆ, ಎಲ್ಲಾ ಸಂಕಟನೂ ಒಂದೇ ನಂಬರಲ್ಲಿ ಹೇಳು ಅಂದ್ರೆ ಹೆಂಗೆ ಹೇಳೋದು.

ಮೆತ್ತಗಿರೋ ಪದ ಅಂದ್ನಲ್ಲ, ನಮ್ಮ ಹಾಳೇಲಿ ಆ ಮೆತ್ತಗಿನ ಪದಕ್ಕೆ ಕನ್ನಡ ಮಾಡಿರೋದು "ಯಾತನೆ". ಯಾರ್ ಸ್ವಾಮಿ ಮನೇಲಿ ಯಾತನೆ ಅಂತಾರೆ? ನರಕಯಾತನೆ ಅಂತ ಹರಿಕಥೇಲಿ ಕೇಳಿದ್ದು ಬಿಟ್ರೆ ನಮ್ಮಮ್ಮ ಆ ಪದ ಬಳ್ಸಿದ್ದೇ ಇಲ್ಲ. "ಸಂಕಟ" ಅಂತ ಹಾಕಿದ್ರೆ ಆಗ್ತಿತ್ತು, ಅದ್ರಲ್ಲಿ ಹೊಟ್ಟೆ ತೊಳ್ಸೋದೂ ಬರುತ್ತೆ ಮನಸ್ಸು ತೊಳ್ಸೋದೂ ಬರುತ್ತೆ. ಥರ್ಮಾಮೀಟರ್ ಚಿತ್ರದ್ದು ಇನ್ನೊಂದು ತಮಾಷೆ. ಮೂರನೇ ಸಲ ಅಮ್ಮನೇ ಹಾಳೆ ಇಸ್ಕೊಂಡು ಕನ್ನಡಕ ಹಾಕ್ಕೊಂಡು ನೋಡಿ, "ಜ್ವರ ಇಲ್ಲ ಕಣಮ್ಮ, ಆಗ್ಲೆ ನೋಡಿದ್ರಲ್ಲ 98 ಇತ್ತು" ಅಂತ ಸಿಸ್ಟರ್‌ಗೆ ವಾಪಸ್ ಕೊಟ್ಳು. ಅವ್ಳದೇನು ತಪ್ಪು, ಥರ್ಮಾಮೀಟರ್ ಬರ್ದಿಟ್ಟು ಮನಸ್ಸಿನ ಬಗ್ಗೆ ಕೇಳಿದ್ರೆ.

ಅವತ್ತು ಡ್ಯೂಟೀಲಿದ್ದಿದ್ದು ಒಬ್ರು ವಯಸ್ಸಾಗಿರೋ ಸಿಸ್ಟರ್, ಮಾತು ಮಂಡ್ಯ ಕಡೆದು. ಈ ರಿವ್ಯೂಲಿ ಮೂರೂವರೆ ಸ್ಟಾರಲ್ಲಿ ಎರಡು ಸ್ಟಾರ್ ಅವ್ರೊಬ್ರದೇ. ಅಮ್ಮ ಜ್ವರ ಇಲ್ಲ ಅಂದಾಗ ಅವ್ರು ನಗ್ಲಿಲ್ಲ, ನನ್ ಕಡೆ ತಿರುಗಿ "ಸಾರ್, ಕೆಳಗೆ ಕ್ಯಾಂಟೀನಲ್ಲಿ ಅಮ್ಮಂಗೊಂದು ಟೀ ತಗೊಂಡ್ಬನ್ನಿ, ನಿಧಾನಕ್ಕೆ ಬನ್ನಿ ಪರ್ವಾಗಿಲ್ಲ" ಅಂದ್ರು. ನಿಧಾನಕ್ಕೆ ಬನ್ನಿ ಅಂದಿದ್ದು ಯಾಕೆ ಅಂತ ಲಿಫ್ಟಲ್ಲಿ ಅರ್ಥ ಆಯ್ತು. ನಾನು ವಾಪಸ್ ಬರೋಷ್ಟರಲ್ಲಿ ಹಾಳೇಲಿ 5ಕ್ಕೆ ಗುಂಡು ಸುತ್ತಿತ್ತು, ಬಲಗಡೆ ಐದಾರು ಹೌದುಗಳಿದ್ವು.

ಆಮೇಲೆ ಅಮ್ಮ ಹೇಳಿದ್ಳು, ಆ ಸಿಸ್ಟರ್ ಪರ್ದೆ ಎಳ್ದು, ಸ್ಟೂಲ್ ಹಾಕ್ಕೊಂಡು ಕೂತು, "ಅಮ್ಮ, ಒಂದು ರೂಪಾಯಲ್ಲಿ ನಿಮ್ ಕಷ್ಟ ಎಷ್ಟಾಣೆ" ಅಂತ ಕೇಳಿದ್ರಂತೆ. ಅಮ್ಮ ಯೋಚ್ನೆ ಮಾಡಿ ಎಂಟಾಣೆ ಅಂದ್ಳಂತೆ. ಎಂಟಾಣೆ ಅಂದ್ರೆ ಅರ್ಧ, ಅರ್ಧ ಅಂದ್ರೆ 5. ನೋಡಿ, ಹತ್ತರಲ್ಲಿ ಎಷ್ಟು ಅಂದ್ರೆ ಪರೀಕ್ಷೆ ಮಾರ್ಕ್ಸ್ ಥರ ಕೇಳುತ್ತೆ, ಕಮ್ಮಿ ಹೇಳಿದ್ರೆ ಒಳ್ಳೇದೋ ಜಾಸ್ತಿ ಹೇಳಿದ್ರೆ ಒಳ್ಳೇದೋ ಗೊತ್ತಾಗಲ್ಲ. ಆಣೆ ಲೆಕ್ಕ ಅವ್ಳ ಕಾಲದ್ದು, ಸಂತೇಲಿ ಕೈಯಾಡಿಸಿರೋ ಲೆಕ್ಕ, ತಟ್ಟಂತ ಬಂತು.

ಮತ್ತೆ ಆ ಐದಾರು ಹೌದುಗಳಲ್ಲಿ ಏನಿತ್ತು ಅಂದ್ರೆ, ದುಡ್ಡಿನ ತೊಂದರೆ ಅನ್ನೋದಕ್ಕೆ ಹೌದು. ನಾನು ಅನ್ಕೊಂಡಿದ್ದು ಆಸ್ಪತ್ರೆ ಖರ್ಚು ಅಂತ, ಅದಲ್ವೇ ಅಲ್ಲ. ಊರಲ್ಲಿ ಹೆಂಗಸ್ರ ಸಂಘದಲ್ಲಿ ಹಸು ತಗೊಳಕ್ಕೆ ಸಾಲ ತಗೊಂಡಿದ್ಳು, ವಾರದ ಕಂತು, ಇವ್ಳು ಬೆಂಗಳೂರಿಗೆ ಬಂದ್ಮೇಲೆ ಕಟ್ಟಿಲ್ಲ, ಸಂಘದಲ್ಲಿ ಒಬ್ರು ಕಟ್ಟದಿದ್ರೆ ಮಿಕ್ಕೋರು ಸೇರ್ಸಿ ಕಟ್ಬೇಕು, ಹಂಗಾಗಿ ಪಕ್ಕದ್ಮನೆಯೋರು, ಎದುರ್ಮನೆಯೋರು ಎಲ್ಲ ಇವ್ಳ ಪಾಲನ್ನ ಎರಡು ತಿಂಗಳಿಂದ ಕಟ್ತಿದ್ರು. ಅಪ್ಪಂಗೆ ಗೊತ್ತಿಲ್ಲ, ನಂಗೆ ಗೊತ್ತಿಲ್ಲ. ರಾತ್ರಿ ನಿದ್ದೆ ಬರ್ದೇ ಇರೋದಕ್ಕೆ ನಾವು ಔಷಧಿ ಹೀಟು ಅಂತ ಎಳ್ನೀರು ಕುಡಿಸ್ತಿದ್ವಿ. ನಾನು ಅವತ್ತೇ ಸಂಜೆ ಫೋನ್‌ಪೇಲಿ ಹಾಕ್ದೆ, ಅಷ್ಟು ದಿನದ್ದೆಲ್ಲ ಸೇರಿದ್ರೂ ನಮ್ಮ ಎರಡು ದಿನದ ಆಟೋ ಊಬರ್ ಖರ್ಚಿಗಿಂತ ಚೂರು ಜಾಸ್ತಿ ಅಷ್ಟೆ. ಅದಕ್ಕೆ ಅವ್ಳು ಎರಡು ತಿಂಗಳು ಛಾವಣಿ ನೋಡ್ಕೊಂಡು ಮಲಗಿದ್ಳು.

ಇನ್ನೊಂದು ಹೌದು, ರೂಪದ ಬಗ್ಗೆ. ಕೂದ್ಲು ಎಲ್ಲಾರ್ದೂ ಹೋಗುತ್ತೆ, ಮತ್ತೆ ಬರುತ್ತೆ ಅಂತ ನಾವೂ ಹೇಳಿದ್ವಿ ಡಾಕ್ಟ್ರೂ ಹೇಳಿದ್ರು. ಆದ್ರೆ ನಮ್ ಕಡೆ ಮುತ್ತೈದೆ ತಲೆ ಬೋಳಾಗೋದು ಅಂದ್ರೆ ಏನರ್ಥ ಅಂತ ಹಳ್ಳಿಯೋರಿಗೆ ಬಿಡ್ಸಿ ಹೇಳ್ಬೇಕಾಗಿಲ್ಲ, ಅವ್ಳ ಅಜ್ಜೀನ ಆ ಸ್ಥಿತೀಲಿ ನೋಡಿ ಬೆಳ್ದೋಳು ಅವ್ಳು. ಅಪ್ಪ ಪಕ್ಕದಲ್ಲಿ ಕೂತಿರ್ಬೇಕಾದ್ರೆ ಕನ್ನಡಿ ನೋಡಕ್ಕೆ ಅವ್ಳಿಗೆ ಹೆದರಿಕೆ, ಅಪಶಕುನ ಅಂತ. ಇದನ್ನ ಮಗನ ಹತ್ರ ಹೇಳ್ಕೊಳಕ್ಕಾಗುತ್ತಾ. ಸಿಸ್ಟರ್ ಏನೂ ಪ್ರವಚನ ಮಾಡ್ಲಿಲ್ಲ, ಹತ್ತಿ ಬಟ್ಟೆ ಸ್ಕಾರ್ಫ್ ಕಟ್ಕೊಳೋದು ತೋರ್ಸಿ, ಅದ್ರ ಮೇಲೆ ಸೆರಗು ಹೊದ್ಸಿ, ಹಣೆಗೆ ಕುಂಕುಮ ಸ್ವಲ್ಪ ದೊಡ್ಡದಾಗೇ ಇಟ್ಕೊಳಿ ಅಂದ್ರಂತೆ. ಅಷ್ಟೆ.

ಈಗ ಬೈಯೋ ಭಾಗ. 5 ಬಂತಲ್ಲ, 4 ಅಥವಾ ಅದ್ರ ಮೇಲೆ ಬಂದ್ರೆ ಕೌನ್ಸಿಲರ್ ಬರ್ಬೇಕು ಅಂತ ಹಾಳೆ ಕೆಳಗೇ ಸಣ್ಣಕ್ಷರದಲ್ಲಿ ಪ್ರಿಂಟ್ ಆಗಿದೆ. ಬಂದಿದ್ದು ಯಾವಾಗ? ಮುಂದಿನ ಕೀಮೋಗೆ, ಅಂದ್ರೆ 21 ದಿನ ಆದ್ಮೇಲೆ. ಇಡೀ ಡೇಕೇರಿಗೆ ಒಬ್ರೇ ಕೌನ್ಸಿಲರ್ರು, ವಾರಕ್ಕೆ ಎರಡು ದಿನ, ಮಧ್ಯಾಹ್ನ 2ರಿಂದ 4. ನಮ್ಮ ಕೀಮೋ ದಿನ ಅದಕ್ಕೆ ಹೊಂದ್ಬೇಕು, ಹೊಂದಿದ್ರೂ ಅಷ್ಟೊತ್ತಿಗೆ ಅಮ್ಮ ಅಲರ್ಜಿ ಆಗ್ದಿರೋಕೆ ಕೊಡೋ ಇಂಜೆಕ್ಷನ್ ಮತ್ತಲ್ಲಿ ಮಲ್ಗಿರ್ತಾಳೆ. ಕೌನ್ಸಿಲರ್ ಬಂದು "ಈಗ ಹೇಗಿದ್ದೀರ" ಅಂದ್ರು, ಅಮ್ಮ ಅರ್ಧ ಕಣ್ಣು ಬಿಟ್ಟು ಚೆನ್ನಾಗಿದೀನಿ ಅಂದ್ಳು, ಅವ್ರು ಬರ್ಕೊಂಡು ಹೋದ್ರು. ಇನ್ನು ಡಾಕ್ಟ್ರು. ಒಂದಿನ ನಾನೇ ಫೈಲ್ ತೆಗ್ದು ಆ ಹಾಳೆ ತೋರ್ಸ್ದೆ, "ಓ ಇದು ನರ್ಸಿಂಗ್‌ನೋರ್ದು" ಅಂದ್ಬಿಟ್ಟು ಬ್ಲಡ್ ರಿಪೋರ್ಟ್ ಪುಟಕ್ಕೆ ಹೋದ್ರು. ಹಿಮೋಗ್ಲೋಬಿನ್ 9.8 ಇದ್ರೆ ಮೂರು ಜನ ಮಾತಾಡ್ತಾರೆ, ಸಂಕಟ 5 ಇದ್ರೆ ಅದು ನರ್ಸಿಂಗ್‌ನೋರ್ದು.

ಇದು ನನ್ನೊಬ್ಬನ ಗೊಣಗಾಟ ಅಲ್ಲ. ಬ್ರಿಟನ್ನಲ್ಲಿ 220 ಪೇಷೆಂಟ್‌ಗಳ ಮೇಲೆ ಇದೇ ಥರ್ಮಾಮೀಟರ್ ಹಾಳೆ ಇಟ್ಕೊಂಡು ಪರೀಕ್ಷೆ ಮಾಡಿದ್ರು, 2013ರಲ್ಲಿ ಫಲಿತಾಂಶ ಬಂತು, ಹಾಳೆ ತುಂಬ್ಸಿದೋರಿಗೂ ತುಂಬ್ಸದೇ ಇದ್ದೋರಿಗೂ ಮನಸ್ಸಿನ ಸ್ಥಿತೀಲಿ ಅಂಥ ವ್ಯತ್ಯಾಸ ಕಾಣ್ಲಿಲ್ಲ. ನಂಗೇನೂ ಆಶ್ಚರ್ಯ ಆಗ್ಲಿಲ್ಲ. ನಲ್ಲಿ ಕೆಟ್ಟಿದೆ ಅಂತ ಕಂಪ್ಲೇಂಟ್ ಪುಸ್ತಕದಲ್ಲಿ ಬರ್ಸ್ಕೊಂಡ್ರೆ ನೀರು ಬರುತ್ತಾ, ಪ್ಲಂಬರ್ ಬರ್ಬೇಕು.

ಪ್ಲಂಬರ್ ಬಂದ ಒಂದು ಸಲ ಏನಾಯ್ತು ಅಂತಾನೂ ಹೇಳ್ಬೇಕು, ಇಲ್ದಿದ್ರೆ ಅನ್ಯಾಯ ಆಗುತ್ತೆ. ಪ್ಯಾಕ್ಲಿಟ್ಯಾಕ್ಸೆಲ್ ಶುರು ಆಗಿ ಆರೋ ಏಳೋ ವಾರ, ಅಮ್ಮನ ಹವಾಯಿ ಚಪ್ಪಲಿ ಮನೇಲಿ ಅಲ್ಲಲ್ಲಿ ಬಿದ್ದಿರ್ತಿತ್ತು. ಒಂದು ಹಾಲಲ್ಲಿ, ಇನ್ನೊಂದು ಅಡ್ಗೆಮನೆ ಬಾಗಿಲಲ್ಲಿ. ನನ್ ಹೆಂಡ್ತಿ ಎತ್ತಿ ಎತ್ತಿ ಜೋಡ್ಸೋಳು, ಸುಸ್ತಿಗೆ ಹಂಗೆ ಬಿಟ್ ಹೋಗ್ತಾರೆ ಅಂತ ನಾವು ಅನ್ಕೊಂಡಿದ್ವಿ. ಹಾಳೇಲಿ ಕೈಕಾಲು ಜೋಮು ಅನ್ನೋ ಚೌಕ ಬಂದಾಗ ಅದೇ ಸಿಸ್ಟರ್ ಹೌದಾ ಇಲ್ವಾ ಅಂತ ಕೇಳ್ದೆ, "ಚಪ್ಪಲಿ ಕಾಲಿಂದ ಜಾರಿದ್ರೆ ಗೊತ್ತಾಗುತ್ತಾಮ್ಮ" ಅಂತ ಕೇಳಿದ್ರು. ಅಮ್ಮ ಥಟ್ಟಂತ "ಅಯ್ಯೋ ಗೊತ್ತೇ ಆಗಲ್ಲ, ನಾಕು ಹೆಜ್ಜೆ ಹೋದ್ಮೇಲೆ ನೋಡಿದ್ರೆ ಬರಿಗಾಲು" ಅಂದ್ಳು. ಬ್ಲೌಸ್ ಹುಕ್ಕು ಹಾಕ್ಕೊಳಕ್ಕೂ ಆಗ್ತಿರ್ಲಿಲ್ವಂತೆ, ಅದಕ್ಕೇ ನೈಟಿ ಹಾಕ್ತಿದ್ದಿದ್ದು, ನಾವು ಆರಾಮಕ್ಕೆ ಅನ್ಕೊಂಡಿದ್ವಿ. ಪ್ಯಾಕ್ಲಿಟ್ಯಾಕ್ಸೆಲ್ಲು ನರದ ತುದಿಗಳಿಗೆ ಏಟು ಕೊಡುತ್ತೆ, ಮುಂಚೆ ಗೊತ್ತಾದ್ರೆ ಡೋಸ್ ಕಮ್ಮಿ ಮಾಡ್ತಾರೆ ಇಲ್ಲ ಒಂದು ವಾರ ಮುಂದೆ ಹಾಕ್ತಾರೆ, ಹಾಗೇ ಬಿಟ್ರೆ ಕೆಲವ್ರಿಗೆ ಅದು ಹೋಗೋದೇ ಇಲ್ಲ. ಸಿಸ್ಟರ್ ಅವತ್ತು ಹಾಳೆ ಫೈಲಿಗೆ ಹಾಕ್ಲಿಲ್ಲ, ಕೈಲಿ ಹಿಡ್ಕೊಂಡು ಡಾಕ್ಟ್ರ ರೂಮಿಗೇ ಹೋದ್ರು. ಡೋಸ್ ಕಮ್ಮಿ ಆಯ್ತು, ಹಿಂದೆ ಪಟ್ಟಿ ಇರೋ ಸ್ಯಾಂಡಲ್ ತಗೊಳಿ ಅಂದ್ರು, ಬಿಸಿನೀರಿಗೆ ಕಾಲು ಇಡೋಕ್ ಮುಂಚೆ ಮೊಣಕೈ ಅದ್ದಿ ನೋಡಿ ಅಂದ್ರು. ಈ ಕೊನೇದನ್ನ ಯಾವ ಡಿಸ್ಚಾರ್ಜ್ ಸಮ್ಮರೀಲೂ ಬರ್ದಿರ್ಲಿಲ್ಲ.

2017ರಲ್ಲಿ ಬಂದ ಒಂದು ಅಮೆರಿಕನ್ ಅಧ್ಯಯನ ಇದೆ, ನಂಗೆ ಬಹಳ ಹಿಡಿಸ್ತು. 766 ಜನ, ಎಲ್ರಿಗೂ ಕ್ಯಾನ್ಸರ್ ಬೇರೆ ಕಡೆ ಹರಡಿರೋದು, ಅಮ್ಮನ ಥರ ಅಲ್ಲ. ಅದ್ರಲ್ಲಿ ಒಂದಷ್ಟು ಜನ ತಮ್ಮ ತೊಂದ್ರೆಗಳನ್ನ ಕಂಪ್ಯೂಟರಲ್ಲಿ ತಾವೇ ಹಾಕೋದು, ಏನಾದ್ರೂ ಜೋರಾಯ್ತು ಅಂದ್ರೆ ತಕ್ಷಣ ನರ್ಸಿಗೆ ಮೆಸೇಜ್ ಹೋಗೋದು, ನರ್ಸ್ ಫೋನ್ ಮಾಡೋದು. ಇಷ್ಟೇ. ಅವ್ರು ಬದುಕಿದ್ದು ಮಧ್ಯದ ಲೆಕ್ಕದಲ್ಲಿ (ಅರ್ಧ ಜನ ಅದಕ್ಕಿಂತ ಜಾಸ್ತಿ, ಅರ್ಧ ಜನ ಕಮ್ಮಿ) 31 ತಿಂಗಳು, ಮಾಮೂಲಿ ಥರ ನೋಡ್ಕೊಂಡೋರು 26. ಹೊಸ ಔಷಧಿ ಇಲ್ಲ ಏನಿಲ್ಲ, ಕೇಳಿದ್ದು ಮತ್ತೆ ಕೇಳಿದ್ಮೇಲೆ ಎದ್ದು ಹೋಗಿದ್ದು. ನಮ್ಮ ಸಿಸ್ಟರ್ ಹಾಳೆ ಹಿಡ್ಕೊಂಡು ಹೋದ್ರಲ್ಲ, ಅದನ್ನೇ ಅಲ್ಲಿ ಕಂಪ್ಯೂಟರ್ ಮಾಡ್ತು.

ಓಡಾಟದ ತೊಂದರೆ ಅನ್ನೋ ಚೌಕಕ್ಕೆ ಹೌದು ಹಾಕಿದ್ಮೇಲೆ ಸೋಷಿಯಲ್ ವರ್ಕರ್ ಒಬ್ರು ಬಂದ್ರು, ಐದನೇ ಕೀಮೋಗೆ. ಆ ಹುಡುಗಿ ಹೇಳಿದ್ಮೇಲೇ ಗೊತ್ತಾಗಿದ್ದು, ಚಿಕಿತ್ಸೆಗೆ ಓಡಾಡೋ ಕ್ಯಾನ್ಸರ್ ಪೇಷೆಂಟಿಗೆ ರೈಲಲ್ಲಿ ಸ್ಲೀಪರ್ ಮತ್ತೆ 3ಎಸಿ ಟಿಕೆಟ್ ಪೂರ್ತಿ ಮಾಫಿ, ಜೊತೇಲಿ ಹೋಗೋ ಒಬ್ರಿಗೆ 75 ಪರ್ಸೆಂಟ್ ಕಡಿತ, ಆಸ್ಪತ್ರೆಯೋರು ಒಂದು ಫಾರ್ಮಲ್ಲಿ ಸಹಿ ಸೀಲು ಹಾಕ್ಕೊಡ್ಬೇಕು. ತಿಪಟೂರಿಗೆ ರೈಲಿದೆ, ನಾವು ಅಷ್ಟು ದಿನ ಅಮ್ಮನ್ನ ಟ್ಯಾಕ್ಸೀಲಿ ಕರ್ಕೊಂಡು ಹೋಗಿ ಬರ್ತಿದ್ವಿ, ಒಂದ್ಸಲಕ್ಕೆ ಆರೇಳು ಸಾವ್ರ. ಮೊದಲನೇ ದಿನ ನಾನು ಆ ಚೌಕಕ್ಕೆ ಇಲ್ಲ ಅಂತ ಟಿಕ್ ಹೊಡ್ದಿದ್ದೆ, ಕಾರಲ್ಲಿ ಬರ್ತೀವಲ್ಲ ಏನ್ ತೊಂದ್ರೆ ಅಂತ. ಆ ಟಿಕ್ಕಿನ ಬೆಲೆ ಲೆಕ್ಕ ಹಾಕಿ ಹೆಂಡ್ತಿಗೆ ಹೇಳಿಲ್ಲ ಇನ್ನೂ.

ಒಂದು ಗಲಾಟೆನೂ ಆಯ್ತು. ಆಪರೇಷನ್ ಕಡೆ ಭುಜದ ನೋವಿಗೆ ಅಂತ ಹಾಳೆ ಮೇಲೆ "ಪ್ಯಾಲಿಯೇಟಿವ್ ರೆಫರಲ್" ಅಂತ ಬರ್ದ್ರು. ಅಪ್ಪ ಆ ಪದ ಫೋನಲ್ಲಿ ಯಾರನ್ನೋ ಕೇಳಿ, ಅದು ಇನ್ನು ಆಗಲ್ಲ ಅನ್ನೋರ್ನ ಕಳ್ಸೋ ಜಾಗ ಅಂತ ತಿಳ್ಕೊಂಡು ಕಾರಿಡಾರಲ್ಲಿ ಕೂತ್ಬಿಟ್ರು, ಎಬ್ಬಿಸಕ್ಕೇ ಆಗ್ಲಿಲ್ಲ. ತಪ್ಪು ಅವ್ರದ್ದಲ್ಲ, ನಮ್ಮಲ್ಲಿ ಆ ಪದ ಕೇಳಿರೋರೆಲ್ಲ ಕೇಳಿರೋದು ಕೊನೇ ದಿನಗಳ ಜೊತೆಗೇ. ಬೆಂಗಳೂರಲ್ಲಿ ಕರುಣಾಶ್ರಯ ಇದೆ, ಕಾಯಿಲೆ ಮುಂದುವರ್ದಿರೋ ಕ್ಯಾನ್ಸರ್ ಪೇಷೆಂಟುಗಳನ್ನ 1999ರಿಂದ ದುಡ್ಡೇ ತಗೊಳ್ದೆ ನೋಡ್ಕೋತಿದಾರೆ, ನಮ್ಮ ಆಫೀಸಿನ ಒಬ್ರ ತಂದೆ ಅಲ್ಲಿದ್ರು, ಅಲ್ಲಿನೋರನ್ನ ನೆನೆಸ್ಕೊಂಡು ಅವ್ರ ಮನೆಯೋರು ಈಗ್ಲೂ ಕೈ ಮುಗೀತಾರೆ. ಆದ್ರೆ ಪ್ಯಾಲಿಯೇಟಿವ್ ಅಂದ್ರೆ ನೋವು, ಸಂಕಟ ಕಮ್ಮಿ ಮಾಡೋ ವಿದ್ಯೆ, ಅದು ಕೊನೇಲಿ ಮಾತ್ರ ಅಲ್ಲ, ಮೊದಲ ದಿನದಿಂದಾನೂ ಬೇಕು. 2010ರಲ್ಲೇ ಬಾಸ್ಟನ್ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇರೋ 151 ಜನರ ಮೇಲೆ ನೋಡಿದಾರೆ, ಶುರುವಿಂದಾನೇ ಇದು ಸಿಕ್ಕೋರು ನೆಮ್ಮದಿಯಾಗೂ ಇದ್ರು, ಸುಮಾರು ಎರಡೂಮುಕ್ಕಾಲು ತಿಂಗಳು ಜಾಸ್ತಿನೂ ಬದುಕಿದ್ರು. ಹಾಳೆ ಮೇಲೆ ಆ ಪದ ಬರ್ಯೋ ಮುಂಚೆ ಎರಡು ನಿಮಿಷ ಕೂರ್ಸಿ "ನೋವಿನ ಡಾಕ್ಟ್ರ ಹತ್ರ ಕಳಿಸ್ತೀವಿ" ಅಂದಿದ್ರೆ ಅಪ್ಪಂಗೆ ಆ ಸಂಜೆ ಉಳೀತಿತ್ತು.

ಅಪ್ಪನ ವಿಷಯ ಬಂತಲ್ಲ, ಹಾಳೇಲಿ ಇನ್ನೊಂದು ಕೊರತೆ. ಜೊತೇಲಿ ಬರೋರನ್ನ ಯಾರೂ ಏನೂ ಕೇಳಲ್ಲ. 16 ಸಲನೂ ಅಪ್ಪ ಹೊರಗಡೆ ಆ ಸ್ಟೀಲ್ ಕುರ್ಚೀಲಿ ಬೆಳಗ್ಗಿಂದ ಸಂಜೆವರ್ಗೆ ಕೂತಿದಾರೆ, ಊಟಕ್ಕೆ ಕರೆದ್ರೆ ಹಸಿವಿಲ್ಲ ಅಂತಾರೆ, ಒಂಬತ್ತು ಕೆಜಿ ಇಳ್ದಿದಾರೆ, ಅಮ್ಮ ಇಳ್ದಿರೋದು ಐದು. ನಾನೇ ಒಂದಿನ ರಾತ್ರಿ 14416ಗೆ ಫೋನ್ ಮಾಡ್ದೆ, ಸರ್ಕಾರದ ಟೆಲಿ ಮಾನಸ್ ಲೈನು, ಕನ್ನಡದಲ್ಲೇ ಮಾತಾಡಿದ್ರು, ದುಡ್ಡಿಲ್ಲ ಕಾಸಿಲ್ಲ. ಮಾತಾಡಿದ್ದು ಅಪ್ಪನ ಬಗ್ಗೆ ಅಂತ ಹೇಳ್ಕೊಂಡೆ, ಅರ್ಧ ನನ್ ಬಗ್ಗೆನೇ.

ಲೈಂಗಿಕ ವಿಷಯ ಅನ್ನೋ ಚೌಕ 16 ಹಾಳೇಲೂ ಖಾಲಿ. ಅದನ್ನ ಹೆಂಗೆ ಕೇಳ್ಬೇಕು ಅಂತ ನಂಗೂ ಗೊತ್ತಿಲ್ಲ, ಮಗ ಪಕ್ಕದಲ್ಲಿರೋವಾಗ ಅಂತೂ ಅಲ್ಲ.

ಹೋಗೋರಿಗೆ ನನ್ ಮಾತು ಇಷ್ಟೆ, ಆ ಹಾಳೆ ಕೊಟ್ಟಾಗ ನೀವು ತುಂಬ್ಬೇಡಿ, ಟೀ ತರೋಕೆ ಹೋಗಿ. ಯಾರೂ ಕೇಳೋರಿಲ್ಲ ಅಂದ್ರೆ ಮನೇಲೇ ಹಿಂದಿನ ದಿನ ರಾತ್ರಿ ಹೆಂಡ್ತಿನೋ ಅಕ್ಕನೋ ಕೂತು ಕೇಳಿ ಬರ್ಕೊಳ್ಳಿ, ಅಮ್ಮಂಗೆ ನನ್ ಹೆಂಡ್ತಿ ಹತ್ರ ಬಂದಷ್ಟು ಮಾತು ನನ್ ಹತ್ರ ಬರ್ತಿರ್ಲಿಲ್ಲ. 4 ಅಥವಾ ಅದ್ರ ಮೇಲೆ ಬಂದ್ರೆ ಕೌನ್ಸಿಲರ್ ಯಾವಾಗ ಬರ್ತಾರೆ ಅಂತ ಅಲ್ಲೇ ನಿಂತು ಟೈಮ್ ಕೇಳಿ, ನೋಡೋಣ ಅಂದ್ರೆ ಹೆಸರು ಬರ್ಕೊಳ್ಳಿ. ಡಾಕ್ಟ್ರ ಮುಂದೆ ಬ್ಲಡ್ ರಿಪೋರ್ಟ್ ಮೇಲೇ ಈ ಹಾಳೆ ಇಡಿ, ಕೆಳಗೆ ಇಟ್ರೆ ಕೆಳಗೇ ಇರುತ್ತೆ. ಸ್ಟಾರ್ ಲೆಕ್ಕ: ಸಿಸ್ಟರಿಗೆ ಎರಡು, ಸೋಷಿಯಲ್ ವರ್ಕರ್ ಹುಡುಗೀಗೆ ಒಂದು, ಕನ್ನಡದಲ್ಲಿ ಪ್ರಿಂಟ್ ಹಾಕಿದಾರಲ್ಲ ಯಾತನೆ ಅಂತಾದ್ರೂ, ಅದಕ್ಕೆ ಅರ್ಧ. ಮಿಕ್ಕಿದ್ದು ಕೊಡಲ್ಲ.

ಈಗ ಕೀಮೋ ಮುಗ್ದು ರೇಡಿಯೇಷನ್ ನಡೀತಿದೆ, ಒಟ್ಟು 15 ದಿನ, ಅದೇ ಆಸ್ಪತ್ರೆ ಆದ್ರೆ ಪಕ್ಕದ ಬಿಲ್ಡಿಂಗು. ಮೊದಲ ದಿನ ನಾನೇ ಕೌಂಟರಲ್ಲಿ ಕೇಳ್ದೆ, ಆ ಹಾಳೆ ಕೊಡಲ್ವಾ ಅಂತ. ಅದು ಡೇಕೇರಿನೋರ್ದು ಸಾರ್, ನಮ್ಮಲ್ಲಿಲ್ಲ ಅಂದ್ರು. ಅಮ್ಮಂಗೆ ಮಾತ್ರ ಅಭ್ಯಾಸ ಆಗ್ಬಿಟ್ಟಿದೆ. ಬೆಳಗ್ಗೆ ಬಿಎಂಟಿಸೀಲಿ ಜೀರೋ ಟಿಕೆಟ್ ಇಸ್ಕೊಂಡು ಮಡಚಿ ಪರ್ಸಿಗೆ ಇಟ್ಕೊಂಡು, ಕಿಟಕಿ ಕಡೆ ನೋಡ್ತಾ, ಯಾರೂ ಕೇಳ್ದೇನೇ ಹೇಳ್ತಾಳೆ, "ಇವತ್ತು ಮೂರಾಣೆ ಕಣೋ."